ಹನ್ನೆರಡು ಜನ, ಒಂದು ಕಲ್ಲಿನ ಕೋಣೆ

ಭಾನುವಾರ ಬೆಳಿಗ್ಗೆ ನಾನು ಮತ್ತು ಭಾವು ನಾಸಿಕದ ಪಾಂಡವಲೇಣಿ ಬೆಟ್ಟ ಹತ್ತುತ್ತೇವೆ. ನನ್ನ ಮನೆ ಪಾಥರ್ಡಿ ಫಾಟಾದ ಹತ್ತಿರ, ಬೆಟ್ಟದ ಬುಡಕ್ಕೆ ನಡೆದೇ ಹೋಗಬಹುದು. ಭಾವು ಅಂದರೆ ಓಝರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಫಿಟ್ಟರ್. ಶರಣಪುರದ ಹಳೆಯ ಮರಾಠಿ ಕ್ರೈಸ್ತ ಮನೆತನದವರು, ಚರ್ಚಿನ ಹಾಡುವವರ ಸಾಲಿನಲ್ಲಿ ನಲವತ್ತು ವರ್ಷ ನಿಂತವರು. ಅವರು ನನ್ನನ್ನು ಇವತ್ತಿಗೂ ‘ಸಾಹೇಬ’ ಎನ್ನುತ್ತಾರೆ, ನಾನು ಅವರನ್ನು ಭಾವು ಎನ್ನುತ್ತೇನೆ. ಇಬ್ಬರೂ ನಿವೃತ್ತರು.

ಆ ಬೆಟ್ಟದಲ್ಲಿ 24 ಗುಹೆಗಳಿವೆ. 18ನೆಯದೊಂದೇ ಚೈತ್ಯ, ಉಳಿದವು ಬಹುಪಾಲು ಭಿಕ್ಷುಗಳ ವಿಹಾರಗಳು. ಉದ್ದನೆಯ ಕೋಣೆ, ಎರಡೂ ಬದಿಗೆ ಕಂಬಸಾಲು, ಕೊನೆಯಲ್ಲಿ ದುಂಡಗೆ ತಿರುಗುವ ಗೋಡೆ, ಅಲ್ಲಿ ಸ್ತೂಪ, ಮೇಲೆ ಕಮಾನು ಚಾವಣಿ. ಭಾವು ಮೊದಲ ಸಲ ಒಳಗೆ ಕಾಲಿಟ್ಟಾಗ “ಸಾಹೇಬ, ಇದು ನಮ್ಮ ಚರ್ಚೇ” ಎಂದಿದ್ದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ರೋಮಿನ ಹಳೆಯ ಚರ್ಚುಗಳ ನಕ್ಷೆಯೂ ನಮ್ಮ ಚೈತ್ಯದ ನಕ್ಷೆಯೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆ ಗುಹೆಯ ಮುಂಭಾಗ ಊರವರ ದಾನ ಎಂದು ಬಾಗಿಲ ಮೇಲಿನ ಶಾಸನ ಹೇಳುತ್ತದೆ. ಎರಡು ಸಾವಿರ ವರ್ಷದ ಹಿಂದೆ ನಾಸಿಕದ ಜನ ಕೈಯಿಂದ ಹಣ ಹಾಕಿ ಕಟ್ಟಿಸಿದ ಜಾಗ ಅದು.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಪ್ರವಾಸಿಗರು ಯಾರೂ ಬಂದಿರಲಿಲ್ಲ. ಭಾವು ಸ್ತೂಪದಿಂದ ನಾಲ್ಕು ಹೆಜ್ಜೆ ದೂರ ನಿಂತು, ಮಾತಾಡುವಷ್ಟೇ ದನಿಯಲ್ಲಿ, ನಾರಾಯಣ ವಾಮನ ಟಿಳಕರ ಒಂದು ಭಜನೆ ಎತ್ತಿಕೊಂಡರು. ನಾನು ಬಾಗಿಲ ಹತ್ತಿರ ಕುಳಿತಿದ್ದೆ. ಅವರ ಬಾಯಿ ದೂರದಲ್ಲಿತ್ತು, ದನಿ ನನ್ನ ಕಿವಿಯ ಹಿಂದೆ ಇತ್ತು. ಪ್ರತಿಧ್ವನಿ ಎಂದರೆ ಮಾತು ಒಡೆದು ಮರಳುವುದು, ಇಲ್ಲಿ ಹಾಗಾಗಲಿಲ್ಲ. ಒಂದು ಸ್ವರ ಮುಗಿಯುವ ಮೊದಲೇ ಕಲ್ಲು ಅದನ್ನು ಎತ್ತಿಕೊಂಡು ಮುಂದಿನ ಸ್ವರದ ಕೆಳಗೆ ಹಾಸುತ್ತಿತ್ತು. ತಂಬೂರಿ ಇಲ್ಲದೆ ಶ್ರುತಿ ಹುಟ್ಟಿತು. ಕಾವಲಿನವರು ಬಾಗಿಲಿಗೆ ಬಂದು ನಿಂತರು. ಇನ್ನು ಎಬ್ಬಿಸುತ್ತಾರೆ ಎಂದುಕೊಂಡೆ. ಹಾಡು ಮುಗಿಯುವ ತನಕ ಕಾದು, “ಅಜೂನ್ ಏಕ್ ಮ್ಹಣಾ” ಎಂದರು. ಇನ್ನೊಂದು ಹೇಳಿ.

ಆ ಐದು ನಿಮಿಷದಿಂದ ನನಗೆ ಒಂದೇ ಯೋಚನೆ. ನಾಸಿಕದಿಂದ ಛತ್ರಪತಿ ಸಂಭಾಜಿನಗರದವರೆಗಿನ ಈ ಇನ್ನೂರು ಕಿಲೋಮೀಟರಿನ ಪಟ್ಟಿಯಲ್ಲಿ ಹಳೆಯ ಸಂಗೀತ ಹುಟ್ಟಿದ ಜಾಗಗಳಿವೆ, ಅದನ್ನು ಬರೆದಿಟ್ಟ ಪುಸ್ತಕವಿದೆ, ಅದರ ಕೊಂಬೆರೆಂಬೆಗಳನ್ನು ಇನ್ನೂ ಹಾಡುವ ಜನರಿದ್ದಾರೆ. ಮೂರನ್ನೂ ಒಂದು ಕೋಣೆಯಲ್ಲಿ ಕೂಡಿಸುವ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು. ಅದರಲ್ಲಿ ಕನ್ನಡಿಗರ ಪಾಲು ದೊಡ್ಡದು ಎಂಬ ಕಾರಣಕ್ಕೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಧಾರವಾಡದವನು. ಹುಡುಗನಾಗಿದ್ದಾಗ ಮಲ್ಲಿಕಾರ್ಜುನ ಮನಸೂರರನ್ನು ಒಂದು ಮನೆಯ ಪಡಸಾಲೆಯಲ್ಲಿ, ಮೈಕಿಲ್ಲದೆ, ಅವರ ಉಸಿರು ಕೇಳುವಷ್ಟು ಹತ್ತಿರ ಕುಳಿತು ಕೇಳಿದ್ದೇನೆ. ಆಮೇಲೆ ಕೆಲಸ ಸಿಕ್ಕಿ ಓಝರಿಗೆ ಬಂದೆ. ಮಿಗ್ ವಿಮಾನ ಕಟ್ಟಲೆಂದು 1964ರಲ್ಲಿ ಶುರುವಾದ ಕಾರ್ಖಾನೆ ಅದು, ಬೆಂಗಳೂರಿನ ನಂಟಿನಿಂದ ಕನ್ನಡದ ಸಂಸಾರಗಳೂ ಅಲ್ಲಿ ಬೇರುಬಿಟ್ಟವು. ನಾನು ಇನ್‌ಸ್ಪೆಕ್ಷನ್‌ನಲ್ಲಿದ್ದೆ. ಭಾವು ಮಾಡಿದ ಜಾಬನ್ನು ವರ್ನಿಯರ್, ಮೈಕ್ರೋಮೀಟರ್ ಹಿಡಿದು ಡ್ರಾಯಿಂಗಿಗೆ ಹೋಲಿಸಿ ನೋಡುವುದು ನನ್ನ ಕೆಲಸ. ಸಂಗೀತಶಾಸ್ತ್ರವನ್ನು ನಾನು ಗುರುಮುಖದಿಂದ ಓದಿದವನಲ್ಲ. ಆದರೆ ಅಳತೆ ಓದಲು ಬರುತ್ತದೆ. ಆ ಬಾಗಿಲಿನಿಂದಲೇ ನಾನು ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವನ ಮನೆ ಹೊಕ್ಕೆ.

ಅದಕ್ಕೆ ಮೊದಲು ಉಟ್ರೆಕ್ಟಿನ ಮಾತು ಹೇಳಬೇಕು. ಮಗಳು ನೆದರ್ಲೆಂಡ್ಸಿನಲ್ಲಿದ್ದಾಳೆ. ಕೆಲವು ವರ್ಷದ ಹಿಂದೆ ಆಗಸ್ಟಿನ ಕೊನೆಗೆ ಹೋದಾಗ ಅಲ್ಲಿಯ ಹಳೆಯ ಸಂಗೀತದ ಉತ್ಸವಕ್ಕೆ ಕರೆದೊಯ್ದಳು. 1982ರಿಂದ ನಡೆದುಬಂದಿರುವ ಉತ್ಸವ. ಊರಿನ ಹಳೆಯ ಚರ್ಚುಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕಛೇರಿಗಳು. ಧ್ವನಿವರ್ಧಕದ ತಂತಿ ಎಲ್ಲೂ ಕಾಣಲಿಲ್ಲ. ನಾಲ್ವರು ಹಾಡುಗಾರರು ಬಂದು, ಪ್ಯಾರಿಸಿನ ನೋತ್ರ್ ದಾಮ್ ಚರ್ಚಿಗಾಗಿ ಪೆರೊಟಿನ್ ಎಂಬಾತ ಸುಮಾರು 1198ರಲ್ಲಿ ಕಟ್ಟಿದ ‘ವಿದೆರುಂತ್ ಓಮ್ನೆಸ್’ ಹಾಡಿದರು. ಕೆಳಗಿನ ದನಿ ಒಂದೇ ಸ್ವರವನ್ನು ನಿಮಿಷಗಟ್ಟಲೆ ಹಿಡಿದು ನಿಲ್ಲುತ್ತದೆ, ಮೇಲಿನ ಮೂರು ದನಿಗಳು ಅದರ ಮೇಲೆ ಒಂದನ್ನೊಂದು ತಾಕಿಕೊಂಡು ಆಡುತ್ತವೆ. ನನ್ನ ಧಾರವಾಡದ ಕಿವಿಗೆ ಕೆಳಗಿನದು ತಂಬೂರಿಯಾಗಿಯೇ ಕೇಳಿತು. ಕಣ್ಣು ತುಂಬಿತು. ಜೊತೆಗೆ ಒಂದು ಪ್ರಶ್ನೆಯೂ ಬಂತು: ಇವರು 1198ನ್ನು ಹಾಡುತ್ತಿದ್ದಾರೆ, ನಾನಿರುವ ಊರ ಪಕ್ಕದ ದೇವಗಿರಿಯಲ್ಲಿ ಅದೇ ಕಾಲದಲ್ಲಿ ಏನು ಹಾಡುತ್ತಿದ್ದರು?

ಉತ್ತರ ಸಾರ್ವಜನಿಕ ವಾಚನಾಲಯದಲ್ಲಿತ್ತು. ನಾಸಿಕದ ಆ ಗ್ರಂಥಾಲಯ 1840ರಷ್ಟು ಹಳೆಯದು. ‘ಸಂಗೀತ ರತ್ನಾಕರ’ವನ್ನು ನಾನು ಮೊದಲು ಮರಾಠಿಯಲ್ಲಿ, ಆಮೇಲೆ ಮೈಸೂರಿನ ರಾ. ಸತ್ಯನಾರಾಯಣ ಅವರ ಕನ್ನಡದ ದಾರಿಯಲ್ಲಿ ಓದಿದೆ.

ಶಾರ್ಙ್ಗದೇವನ ಅಜ್ಜ ಭಾಸ್ಕರ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ತಂದೆ ಸೋಢಲ ದೇವಗಿರಿಯ ಸೇವುಣ ಯಾದವರ ಆಸ್ಥಾನ ಸೇರಿದ. ಮಗ ಶಾರ್ಙ್ಗದೇವ ದೊರೆ ಸಿಂಘಣನ ಕಾಲದಲ್ಲಿ ಶ್ರೀಕರಣಾಧಿಪನಾದ, ಎಂದರೆ ರಾಜ್ಯದ ಲೆಕ್ಕಪತ್ರದ ಮುಖ್ಯಸ್ಥ. ನಮ್ಮ ದೇಶದ ಸಂಗೀತದ ಅತಿ ದೊಡ್ಡ ಗ್ರಂಥ 13ನೇ ಶತಮಾನದ ಮೊದಲರ್ಧದಲ್ಲಿ ಒಬ್ಬ ಲೆಕ್ಕಾಧಿಕಾರಿಯ ಮೇಜಿನಿಂದ ಬಂತು. ಅದು ಏಳು ಅಧ್ಯಾಯ. ಸ್ವರ, ರಾಗ, ಪ್ರಕೀರ್ಣಕ, ಪ್ರಬಂಧ, ತಾಳ, ವಾದ್ಯ, ನರ್ತನ. ಹೆಸರಿಸಿದ ರಾಗಗಳು 264. ತಾಯಿಯ ಗರ್ಭದಲ್ಲಿ ದೇಹ ಹೇಗೆ ಬೆಳೆಯುತ್ತದೆ ಎನ್ನುವಲ್ಲಿಂದ ಶುರುಮಾಡುತ್ತಾನೆ, ಏಕೆಂದರೆ ನಾದ ಹುಟ್ಟುವುದು ದೇಹದಲ್ಲಿ.

ನನ್ನ ಮೈ ಜುಮ್ಮೆಂದದ್ದು ಶ್ರುತಿಯ ಪ್ರಯೋಗ ಓದಿದಾಗ. ಎರಡು ವೀಣೆ ತೆಗೆದುಕೊ ಎನ್ನುತ್ತಾನೆ, ಒಂದೊಂದಕ್ಕೂ 22 ತಂತಿ. ತಂತಿಯಿಂದ ತಂತಿಗೆ ಶ್ರುತಿ ಸ್ವಲ್ಪವೇ ಏರಬೇಕು, ನಡುವೆ ಮತ್ತೊಂದು ದನಿ ತೂರಲು ಜಾಗ ಇರಕೂಡದು. ಒಂದು ವೀಣೆ ಧ್ರುವ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಚಲ, ಅದನ್ನು ಹಂತಹಂತವಾಗಿ ಇಳಿಸುತ್ತಾ ಮೊದಲನೆಯದಕ್ಕೆ ಹೋಲಿಸುತ್ತಾ ಹೋಗು. ಇನ್‌ಸ್ಪೆಕ್ಷನ್‌ನಲ್ಲಿ ದುಡಿದ ಯಾರಿಗಾದರೂ ಇದು ಗೊತ್ತು. ಒಂದು ಮಾಸ್ಟರ್, ಇನ್ನೊಂದು ಜಾಬ್. ಮಾಸ್ಟರನ್ನು ಬೀಗ ಹಾಕಿ ಇಡುತ್ತೇವೆ, ಜಾಬನ್ನು ಅದರ ಪಕ್ಕ ಇಟ್ಟು ವ್ಯತ್ಯಾಸ ಓದುತ್ತೇವೆ. ಭಾವುಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವನು ಆಪಲಾ ಮಾಣೂಸ್” ಎಂದರು, ನಮ್ಮವನು ಎಂದು.

ಅದೇ ಪುಸ್ತಕದ ಪ್ರಕೀರ್ಣಕ ಅಧ್ಯಾಯದಲ್ಲಿ ವೃಂದದ ಲೆಕ್ಕ ಬರುತ್ತದೆ. ವೃಂದ ಎಂದರೆ ಕೂಡಿ ಹಾಡುವ, ನುಡಿಸುವ ಗುಂಪು. ಉತ್ತಮ ವೃಂದಕ್ಕೆ ನಾಲ್ವರು ಮುಖ್ಯ ಗಾಯಕರು, ಎಂಟು ಜನ ಸಮಗಾಯಕರು, ಹನ್ನೆರಡು ಗಾಯನಿಯರು, ನಾಲ್ಕು ಕೊಳಲು, ನಾಲ್ಕು ಮೃದಂಗ. ಒಟ್ಟು 32 ಜನ. ಕನಿಷ್ಠ ವೃಂದಕ್ಕೆ ಒಬ್ಬ ಮುಖ್ಯ ಗಾಯಕ, ಮೂವರು ಸಮಗಾಯಕರು, ನಾಲ್ವರು ಗಾಯನಿಯರು, ಇಬ್ಬರು ಕೊಳಲಿನವರು, ಇಬ್ಬರು ಮೃದಂಗದವರು. ಹನ್ನೆರಡು. ನಮ್ಮ ಶಾಸ್ತ್ರೀಯ ಸಂಗೀತ ಅಂದರೆ ಒಬ್ಬನೇ ಹಾಡುವವನು, ಪಕ್ಕದಲ್ಲಿ ಎರಡು ಪಕ್ಕವಾದ್ಯ ಎಂಬ ಚಿತ್ರದಲ್ಲೇ ಬೆಳೆದವರು ನಾವು. ದೇವಗಿರಿಯ ಅಧಿಕಾರಿ ಗಂಡು ಹೆಣ್ಣು ಕೂಡಿ ಹಾಡುವ ಮೇಳದ ತಲೆ ಎಣಿಸಿ ಇಟ್ಟಿದ್ದಾನೆ. ಉಟ್ರೆಕ್ಟಿನ ಚರ್ಚಿನಲ್ಲಿ ಕೇಳಿದ ಮೇಳಗಳು ಇದಕ್ಕಿಂತ ಬೇರೆ ಗಾತ್ರದವೇನೂ ಆಗಿರಲಿಲ್ಲ.

ಇನ್ನು ಕನ್ನಡದ ಮಾತು. ಸೇವುಣರ ಶಾಸನಗಳಲ್ಲಿ ದೊಡ್ಡ ಪಾಲು ಕನ್ನಡದವು, ಅವರ ರಾಜ್ಯದ ದಕ್ಷಿಣದ ಅರ್ಧ ಕನ್ನಡ ನಾಡು. ಶಾರ್ಙ್ಗದೇವ ತನಗಿಂತ ಹಿಂದಿನ ಆಚಾರ್ಯರನ್ನು ನೆನೆಯುವಾಗ ಸೋಮೇಶನನ್ನೂ ಜಗದೇಕನನ್ನೂ ಹೆಸರಿಸುತ್ತಾನೆ. ಒಬ್ಬ ‘ಮಾನಸೋಲ್ಲಾಸ’ ಬರೆಸಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಇನ್ನೊಬ್ಬ ‘ಸಂಗೀತ ಚೂಡಾಮಣಿ’ಯ ಜಗದೇಕಮಲ್ಲ, ಅವನ ಮಗ. ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ದೇವಗಿರಿಗೆ ಸಂಗೀತದ ದಾರಿ ಹೀಗೆ ಹೋಗಿದೆ. ಏಲಾ ಎಂಬ ಪ್ರಬಂಧದ ದೇಶಭೇದಗಳಲ್ಲಿ ಕರ್ಣಾಟ ಏಲಾ ಒಂದು. ಎರಡು ಶತಮಾನದ ಬಳಿಕ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಸಾಲಗ ಸೂಡ ಎಂಬ ಹಾಡಿನ ಸರಣಿಯೊಂದನ್ನು ಶಾರ್ಙ್ಗದೇವ ವಿವರಿಸುತ್ತಾನೆ: ಧ್ರುವ, ಮಂಠ, ಪ್ರತಿಮಂಠ, ನಿಸ್ಸಾರುಕ, ಅಡ್ಡತಾಲ, ರಾಸ, ಏಕತಾಲೀ. ಈ ಹೆಸರುಗಳನ್ನು ನಿಧಾನವಾಗಿ ಓದಿ. ಹರಿದಾಸರ ಸುಳಾದಿ ಆ ಬಳ್ಳಿಯ ಕಾಯಿ. ಹಾಡು ಕಲಿಯಲು ಹೋದ ನಮ್ಮ ಪ್ರತಿ ಮಗುವೂ ಧ್ರುವ, ಮಠ್ಯ ಎಂದು ತೊಡೆಯ ಮೇಲೆ ತಾಳ ಹಾಕಿದೆ. ಆ ಏಟು ಎಲ್ಲಿಂದ ಬಂತು ಎಂದು ಅದಕ್ಕೆ ಯಾರೂ ಹೇಳಿಲ್ಲ.

ದೇವಗಿರಿಯೇ ಇವತ್ತಿನ ದೌಲತಾಬಾದ್, ಅಲ್ಲಿಯ ಕೋಟೆಗೆ ನಾನು ಐದಾರು ಸಲ ಹೋಗಿದ್ದೇನೆ. ಬೀದರಿನಿಂದ ಆಳಿದ ಬಹಮನಿ ಸುಲ್ತಾನ 1445ರಲ್ಲಿ ಕಟ್ಟಿಸಿದ ಚಾಂದ್ ಮಿನಾರ್, ಕಂದಕ, ಕತ್ತಲೆಯ ಸುರಂಗ, ಫಿರಂಗಿ ಎಲ್ಲವನ್ನೂ ಜನ ನೋಡುತ್ತಾರೆ. 1327ರಲ್ಲಿ ತುಘಲಕ್ ದಿಲ್ಲಿಯ ಜನರನ್ನು ಇಲ್ಲಿಗೆ ನಡೆಸಿದ ಕಥೆ ಪ್ರತಿ ಗೈಡ್ ಬಾಯಲ್ಲೂ ಇದೆ. ಅಲ್ಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ ದೇವಗಿರಿಯ ಗೋಪಾಲ ನಾಯಕನೂ ದಿಲ್ಲಿಯ ಅಮೀರ್ ಖುಸ್ರೋನೂ ಹಾಡಿನಲ್ಲಿ ಎದುರಾದ ಕಥೆಯೂ ಒಮ್ಮೊಮ್ಮೆ ಕೇಳಿಬರುತ್ತದೆ. ಆದರೆ ಆ ಬೆಟ್ಟದ ನೆರಳಿನಲ್ಲಿ ಕುಳಿತು ಒಬ್ಬ ಮನುಷ್ಯ 22 ತಂತಿ ಎಳೆದು ಕಿವಿಗೊಟ್ಟ ಎಂಬುದನ್ನು ಮಕ್ಕಳಿಗೆ ತಿಳಿಸುವವರನ್ನು ನಾನು ಅಲ್ಲಿ ಕಂಡಿಲ್ಲ. ಇದು ನನಗೆ ನೋವಿನ ವಿಷಯ.

ಸಂಭಾಜಿನಗರದಲ್ಲಿ ವೇರೂಳ–ಅಜಿಂಠಾ, ಎಂದರೆ ಎಲ್ಲೋರಾ–ಅಜಂತಾ, ಮಹೋತ್ಸವ ನಡೆಯುತ್ತದೆ. ಒಂದು ಕಾಲಕ್ಕೆ ಕೈಲಾಸ ದೇವಾಲಯದ ಹಿನ್ನೆಲೆಯಲ್ಲಿ ನಡೆಯುತ್ತಿದ್ದದ್ದು ಆಮೇಲೆ ಸೋನೇರಿ ಮಹಲಿನ ಅಂಗಳಕ್ಕೆ ಬಂತು. ನಡುವೆ ಕೆಲವು ವರ್ಷ ನಿಂತು, 2023ರಲ್ಲಿ ಮತ್ತೆ ಕಳೆಗಟ್ಟಿತು. ದೊಡ್ಡ ಕಲಾವಿದರು ಬರುತ್ತಾರೆ, ಸಾವಿರಾರು ಜನ ಸೇರುತ್ತಾರೆ. ಅದು ನಡೆಯಲಿ, ಇನ್ನೂ ಬೆಳೆಯಲಿ. ನಾನು ಕೇಳುತ್ತಿರುವುದು ಬೇರೆ ಜಾತಿಯ ಕೆಲಸ. ತೆರೆದ ಮೈದಾನ, ಬಣ್ಣದ ದೀಪ, ಎರಡು ಬದಿಗೆ ಗೋಪುರದ ಹಾಗೆ ಪೇರಿಸಿದ ಸ್ಪೀಕರು ಇದ್ದಲ್ಲಿ 13ನೇ ಶತಮಾನದ ಹಾಡು ಬದುಕುವುದಿಲ್ಲ. ಅದನ್ನು ಕಟ್ಟಿದ್ದೇ ಕಲ್ಲಿನ ಕೋಣೆಗೆ, ಹತ್ತಿರ ಕೂತ ಕಿವಿಗೆ. ಕೋಣೆಯೇ ಅದರ ಅರ್ಧ ವಾದ್ಯ.

ಮೈಕ್ ಬೇಡ ಎನ್ನುವುದು ನನ್ನ ಹಟ ಎಂದು ಮನೆಯವರೂ ಹೇಳುತ್ತಾರೆ. ಹಟವೇ ಇರಲಿ. ವೇರೂಳದ 10ನೇ ಗುಹೆಗೆ ಹೋಗಿ ನೋಡಿ, ಸುತಾರ್ ಝೋಪಡಿ ಎಂದು ಜನ ಕರೆಯುವ ಚೈತ್ಯ. ಚಾವಣಿಗೆ ಮರದ ತೊಲೆಗಳ ಹಾಗೆ ಕಲ್ಲಿನಲ್ಲಿ ಪಕ್ಕೆಲುಬು ಕೊರೆದಿದ್ದಾರೆ. ಬುದ್ಧನ ಮುಂದೆ ಕುಳಿತು ಯಾರಾದರೂ ಸಣ್ಣಗೆ ಬುದ್ಧವಂದನೆ ಹೇಳಿದರೆ ಒಳಗಿನ ಅಷ್ಟೂ ಜನ ತಾವಾಗಿ ಸುಮ್ಮನಾಗುತ್ತಾರೆ. ನಾಲ್ಕನೇ ತರಗತಿಯ ಮಕ್ಕಳ ಗುಂಪೊಂದು ಹಾಗೆ ತಣ್ಣಗಾದದ್ದನ್ನು ನೋಡಿದ್ದೇನೆ. ಮೇಷ್ಟರು ಅಷ್ಟು ಹೊತ್ತು ಗದರಿದರೂ ಆಗದಿದ್ದ ಕೆಲಸ ಅದು.

ಈ ಸೀಮೆಯ ಇನ್ನೊಂದು ಎಳೆಯ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಅದು ನನಗೆ ಭಾವುವಿನ ತಾಯಿಯಿಂದ ಸಿಕ್ಕಿತು. ಆಕೆ ಬೀಸುಕಲ್ಲಿನ ಮುಂದೆ ಓವಿ ಹಾಡುತ್ತಿದ್ದರಂತೆ. ತವರು, ಮಳೆ, ಅಣ್ಣ, ಅದರ ನಡುವೆಯೇ ಯೇಸು. ಓವಿ ಎಂದರೆ ಮೂರೂವರೆ ಸಾಲಿನ ಮರಾಠಿ ಪದ್ಯ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುತ್ತಾರೆ ಎಂದು 12ನೇ ಶತಮಾನದಲ್ಲೇ ದಾಖಲಿಸಿದ್ದು ಯಾವುದು ಗೊತ್ತೇ? ಮತ್ತೆ ‘ಮಾನಸೋಲ್ಲಾಸ’, ಕಲ್ಯಾಣದ ಸೋಮೇಶ್ವರನದು. ಕನ್ನಡ ನಾಡಿನ ದೊರೆ ಒನಕೆಯ ಪದವನ್ನು ತನ್ನ ರಾಜಗ್ರಂಥದೊಳಗೆ ತಂದ. ಅದೇ ಓವಿಯಲ್ಲಿ 1290ರಲ್ಲಿ ಜ್ಞಾನೇಶ್ವರಿ ಹುಟ್ಟಿತು. ಅದರ ಪಾಠವನ್ನು 1584ರಲ್ಲಿ ಶುದ್ಧಗೊಳಿಸಿದವರು ಪೈಠಣದ ಏಕನಾಥರು, ಸಂಭಾಜಿನಗರದಿಂದ ಐವತ್ತು ಕಿಲೋಮೀಟರು. ಮುಂದೆ ಅದೇ ಓವಿಯನ್ನು ಒಬ್ಬ ಇಂಗ್ಲಿಷ್ ಪಾದ್ರಿ ಎತ್ತಿಕೊಂಡ.

ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದ ಜೆಸ್ವಿಟ್. ಸುಮಾರು 11,000 ಓವಿಗಳ ‘ಕ್ರಿಸ್ತಪುರಾಣ’ ಬರೆದು 1616ರಲ್ಲಿ ಅಚ್ಚು ಹಾಕಿಸಿದ. ಚರ್ಚುಗಳಲ್ಲಿ ಅದನ್ನು ಹಾಡುತ್ತಿದ್ದರು. ಕರಾವಳಿಯ ಕ್ಯಾಥೊಲಿಕರು ಅದನ್ನು ತಲೆಮಾರುಗಳ ಕಾಲ ಕಾಪಿಟ್ಟುಕೊಂಡರು, ಜೋಸೆಫ್ ಸಲ್ದಾನಾ ಅವರು ಸಂಪಾದಿಸಿದ ಪ್ರತಿ 1907ರಲ್ಲಿ ಮುದ್ರಣವಾದದ್ದು ನಮ್ಮ ಮಂಗಳೂರಿನಲ್ಲಿ. ಸ್ಟೀಫನ್ಸ್ ಬಿಟ್ಟುಬಂದ ಇಂಗ್ಲೆಂಡಿನಲ್ಲಿ ಆಗ ಕ್ಯಾಥೊಲಿಕ್ ಪೂಜೆ ಅಪರಾಧ. ಅವನ ಓರಗೆಯ ವಿಲಿಯಂ ಬರ್ಡ್ ಅಲ್ಲೇ ಉಳಿದು, ಮನೆಗಳಲ್ಲಿ ಗುಟ್ಟಾಗಿ ನಡೆಯುವ ಪೂಜೆಗೆಂದು 1590ರ ದಶಕದಲ್ಲಿ ಮೂರು ಮಾಸ್ ರಚಿಸಿದ. ಅಚ್ಚಾದಾಗ ಅವಕ್ಕೆ ಮುಖಪುಟವೂ ಇರಲಿಲ್ಲ. ಅದರಲ್ಲೊಂದು ಮೂರೇ ದನಿಗಳದು. ಒಂದೇ ನಂಬಿಕೆ, ಒಂದೇ ಕಾಲ. ಒಬ್ಬ ಬಾಗಿಲು ಮುಚ್ಚಿ ಲ್ಯಾಟಿನ್ನಿನಲ್ಲಿ ಹಾಡಿಸಿದ, ಇನ್ನೊಬ್ಬ ಬಾಗಿಲು ತೆರೆದು ಬೀಸುಕಲ್ಲಿನ ಮಟ್ಟಿನಲ್ಲಿ ಹಾಡಿಸಿದ. ಇವೆರಡನ್ನೂ ಒಂದೇ ಸಂಜೆ ಅಕ್ಕಪಕ್ಕ ಕೇಳಿದವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು? ನಾಸಿಕದಲ್ಲಿ ಅದು ಸಾಧ್ಯ. ಶರಣಪುರ 1850ರ ದಶಕದಲ್ಲಿ ಮಿಶನರಿಗಳು ಕಟ್ಟಿದ ಕ್ರೈಸ್ತರ ಹಳ್ಳಿ, ಈಗ ಊರ ನಡುವೆ ಸೇರಿಹೋಗಿದೆ. ಅಲ್ಲಿ ಟಿಳಕರ ಹಾಡು ಇನ್ನೂ ಬಾಯಲ್ಲಿದೆ. 1895ರಲ್ಲಿ ಕ್ರೈಸ್ತರಾದ ಟಿಳಕರು ಅಭಂಗ, ಭಜನೆ, ಕೀರ್ತನೆಯನ್ನು ಚರ್ಚಿನೊಳಗೆ ತಂದರು. ಅವರು ಅರ್ಧಕ್ಕೆ ಬಿಟ್ಟುಹೋದ ‘ಖ್ರಿಸ್ತಾಯನ’ವನ್ನು ಮುಂದುವರಿಸಿ ಮುಗಿಸಿದವರು ಪತ್ನಿ ಲಕ್ಷ್ಮೀಬಾಯಿ, ಇದೇ ನಾಸಿಕದ ಹತ್ತಿರದ ಜಲಾಲಪುರದ ಹೆಣ್ಣುಮಗಳು, ‘ಸ್ಮೃತಿಚಿತ್ರೆ’ ಬರೆದವರು. ಆಕೆ 1936ರಲ್ಲಿ ಕಣ್ಣುಮುಚ್ಚಿದ್ದೂ ನಾಸಿಕದಲ್ಲೇ.

ದೇವಗಿರಿಯ ಪಕ್ಕದ ಖುಲ್ದಾಬಾದಿನ ದರ್ಗಾದ ಮಾತು ಬಿಡುವಂತಿಲ್ಲ. ನಿಜಾಮುದ್ದೀನ್ ಔಲಿಯಾರ ಶಿಷ್ಯ ಬುರ್ಹಾನುದ್ದೀನ್ ಗರೀಬ್ ದೇವಗಿರಿಗೆ ಬಂದು ನೆಲೆಸಿ 1337ರಲ್ಲಿ ತೀರಿಕೊಂಡರು. ಹಾಡು ಕೇಳುತ್ತಾ ಮೈಮರೆತು ಕುಣಿಯುವ ಅವರ ಬಗೆಗೆ ‘ಬುರ್ಹಾನಿ’ ಎಂಬ ಹೆಸರೇ ಇತ್ತು. ಖುಸ್ರೋನ ಗೆಳೆಯ ಕವಿ ಹಸನ್ ಸಿಜ್ಜಿಯ ಗೋರಿಯೂ ಅಲ್ಲಿಯೇ. ಉರುಸಿನ ರಾತ್ರಿ ಅಲ್ಲಿ ಕವ್ವಾಲಿ ಕೇಳಿದ್ದೇನೆ. ಅದು ಯಾರೂ ಪುನರುಜ್ಜೀವನ ಮಾಡಬೇಕಾದ ಸಂಗೀತವಲ್ಲ, ನಿಂತೇ ಇಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಡಿಸೆಂಬರ್, ಜನವರಿಯಲ್ಲಿ ನಾಲ್ಕು ಭಾನುವಾರ, ನಾಲ್ಕು ಜಾಗ. ಪಾಂಡವಲೇಣಿಯ ಚೈತ್ಯದಲ್ಲಿ ಬೆಳಗಿನ ಹೊತ್ತು ಸಾಲಗ ಸೂಡದ ಹಾದಿ ಹಿಡಿದು ಕಟ್ಟಿದ ಪ್ರಬಂಧ, ಅದರ ಬೆನ್ನಿಗೆ ಕನ್ನಡದ ಸುಳಾದಿ. ಶರಣಪುರದ ಚರ್ಚಿನಲ್ಲಿ ಓವಿಯ ಸಂಜೆ, ಏಕನಾಥ, ಸ್ಟೀಫನ್ಸ್, ಟಿಳಕ, ಜೊತೆಗೆ ಬರ್ಡನ ಮೂರು ದನಿಯ ಮಾಸ್. ಮೂರೇ ಹಾಡುಗಾರರು ಸಾಕು, ಮುಂಬಯಿ ಗೋವೆಗಳಲ್ಲಿ ಅದನ್ನು ಹಾಡಬಲ್ಲವರಿದ್ದಾರೆ. ಖುಲ್ದಾಬಾದಿನಲ್ಲಿ ಅಲ್ಲಿಯ ಕವ್ವಾಲರೇ, ಅವರ ಪದ್ಧತಿಯಲ್ಲೇ, ನಾವು ಹೋಗಿ ಕೆಳಗೆ ಕೂರುವುದು. ಕೊನೆಯದು ದೇವಗಿರಿಯಲ್ಲಿ, ಶಾರ್ಙ್ಗದೇವ ಎಣಿಸಿ ಕೊಟ್ಟ ಆ ಹನ್ನೆರಡು ಜನರ ವೃಂದ. ಕೇಳುವವರು ಪ್ರತಿ ಸಲ ಐವತ್ತು, ಅರವತ್ತು ಜನಕ್ಕಿಂತ ಹೆಚ್ಚು ಬೇಡ.

ಆ ಹಾಡು ಹೇಗಿತ್ತೆಂದು ಯಾರಿಗೆ ಗೊತ್ತು ಎಂದು ಸಂಗೀತ ಬಲ್ಲ ಗೆಳೆಯರು ಮೊದಲು ಕೇಳುತ್ತಾರೆ. ಪೆರೊಟಿನ್ ಹೇಗಿದ್ದ ಎಂಬುದೂ ಉಟ್ರೆಕ್ಟಿನಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ. ಲಯದ ಬಗ್ಗೆ ಪಂಡಿತರಲ್ಲಿ ಇನ್ನೂ ಜಗಳವಿದೆ. ಒಂದು ಮೇಳ ಹಾಡಿದ ಹಾಗೆ ಇನ್ನೊಂದು ಹಾಡುವುದಿಲ್ಲ. ಆದರೆ ಆರ್ನಲ್ಡ್ ಡಾಲ್ಮೆಚ್ ಎಂಬಾತ ನೂರು ವರ್ಷಕ್ಕೂ ಹಿಂದೆ ಹಳೆಯ ವಾದ್ಯಗಳನ್ನು ತಾನೇ ಮಾಡಿ ನುಡಿಸಿದ್ದರಿಂದ, 1960ರ ದಶಕದಲ್ಲಿ ಡೇವಿಡ್ ಮನ್ರೋನಂಥ ಹುಡುಗರು ಹಟ ಹಿಡಿದು ಊದಿದ್ದರಿಂದ ಅವರು ಇವತ್ತು ತಪ್ಪು ಯಾವುದು ಸರಿ ಯಾವುದು ಎಂದು ಜಗಳವಾಡುವ ಸ್ಥಿತಿಗೆ ಬಂದಿದ್ದಾರೆ. ನಮ್ಮಲ್ಲಿ ಜಗಳವಾಡಲು ಹಾಡೇ ಇಲ್ಲ. ಶಾರ್ಙ್ಗದೇವ ಎಷ್ಟೋ ರಾಗಗಳಿಗೆ ಸ್ವರಲಿಪಿ ಬರೆದಿಟ್ಟಿದ್ದಾನೆ. ಅದನ್ನು ಬಾಯಿಗೆ ತಂದು ನೋಡೋಣ. ತಪ್ಪಾದರೆ ಮುಂದಿನ ವರ್ಷ ತಿದ್ದೋಣ.

ಅನುಮತಿಯ ತೊಡಕು ದೊಡ್ಡದು, ಅದನ್ನು ಹಗುರ ಮಾಡಿ ಹೇಳುವುದಿಲ್ಲ. 1959ರ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ಸಭೆ, ಸಮಾರಂಭ, ಮನರಂಜನೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನಿಯಮ ಸರಿಯಾಗಿಯೇ ಇದೆ. ವೇದಿಕೆ ಹೊಡೆಯುವುದು, ಜನರೇಟರು, ಸಾವಿರ ಜನರ ಕಾಲು, ಸ್ಪೀಕರಿನ ಕಂಪನ, ಇವು ಗುಹೆಗೆ ಪೆಟ್ಟೇ. ಅಜಿಂಠೆಯ ಬಣ್ಣದ ಗೋಡೆಗಳ ಹತ್ತಿರ ಹಾಡಿನ ಮಾತು ಎತ್ತಲೇಬಾರದು ಎಂಬ ಪಕ್ಷ ನನ್ನದು. ಆದರೆ ತಂತಿಯಿಲ್ಲದ, ದೀಪವಿಲ್ಲದ, ವೇದಿಕೆಯಿಲ್ಲದ ಹನ್ನೆರಡು ಜನರ ಹಾಡು ಹಗಲು ಹೊತ್ತಿನ ಶಾಲಾ ಪ್ರವಾಸಕ್ಕಿಂತ ಕಲ್ಲಿಗೆ ಭಾರವಾಗುವುದಿಲ್ಲ. ಹಾಗೆ ಬರೆದು, ಅಳತೆ ಕೊಟ್ಟು, ಅನುಮತಿ ಕೇಳಬೇಕು. ಕೊಡಲಿಕ್ಕಿಲ್ಲ ಎಂದು ಮೊದಲೇ ಊಹಿಸಿ ಸುಮ್ಮನಿರುವುದು ಸಲ್ಲ.

ಬೌದ್ಧ ಗುಹೆಯಲ್ಲಿ ಹರಿದಾಸರ ಸುಳಾದಿ ಏಕೆ, ಚರ್ಚಿನಲ್ಲಿ ಏಕನಾಥರು ಏಕೆ ಎಂದು ಕೇಳುವವರೂ ಇರುತ್ತಾರೆ. ಅವರ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ಪಾಂಡವಲೇಣಿಗೆ ವಂದನೆಗೆಂದು ಬರುವ ಬೌದ್ಧ ಬಂಧುಗಳನ್ನು, ಶರಣಪುರದ ಸಭೆಯ ಹಿರಿಯರನ್ನು, ದರ್ಗಾದವರನ್ನು ಮೊದಲು ಕೇಳಬೇಕು. ಅವರು ಬೇಡ ಎಂದ ಜಾಗದಲ್ಲಿ ಬೇಡ. ಆ ಬೆಳಿಗ್ಗೆ ಚೈತ್ಯದಲ್ಲಿ ಕ್ರೈಸ್ತ ಭಜನೆ ಕೇಳಿ ಇನ್ನೊಂದು ಹೇಳಿ ಎಂದ ಕಾವಲಿನವರ ಕೈಯಲ್ಲಿ ಬೌದ್ಧರ ಗುರುತಿನ ನೀಲಿ ದಾರವಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕ ಸಜ್ಜಾಗುತ್ತಿದೆ. ಗೋದಾವರಿಯ ದಂಡೆಯಲ್ಲಿ ಲಕ್ಷ ಲಕ್ಷ ಜನ, ಹಗಲು ರಾತ್ರಿ ಧ್ವನಿವರ್ಧಕ. ಅದರ ಸಂಭ್ರಮ ಅದಕ್ಕಿದೆ. ಊರಿಗೆ ಇಷ್ಟೆಲ್ಲ ಹಣ ಹರಿದುಬರುವಾಗ ಒಂದು ನಿಶ್ಶಬ್ದದ ಮೂಲೆಗೆ ಹನ್ನೆರಡು ಜನರ ದಾರಿಖರ್ಚು, ಊಟ, ಸಂಭಾವನೆ ದೊಡ್ಡದಲ್ಲ. ಆದರೆ ಎಲ್ಲವನ್ನೂ ಮಹಾರಾಷ್ಟ್ರವೇ ಮಾಡಲಿ ಎಂದು ನಾವು ಕೂರಬಾರದು. ಸುಳಾದಿ ಹಾಡಬಲ್ಲವರನ್ನು ಕಳಿಸುವುದು ಕರ್ನಾಟಕದ ಸಂಗೀತ ನೃತ್ಯ ಅಕಾಡೆಮಿಯ ಕೆಲಸ. ಜಾನಪದ ಅಕಾಡೆಮಿಗೆ ಅದಕ್ಕಿಂತ ಮುಖ್ಯವಾದ ಕೆಲಸವೊಂದಿದೆ, ಕಿನ್ನರಿ ಜೋಗಿಗಳನ್ನು ಕರೆತರುವುದು.

ಏಕೆಂದರೆ ಶಾರ್ಙ್ಗದೇವನ ವಾದ್ಯಾಧ್ಯಾಯದಲ್ಲಿ ಕಿನ್ನರಿ ವೀಣೆಯ ಪೂರ್ಣ ವಿವರ ಇದೆ, ಸಣ್ಣದು ಒಂದು, ದೊಡ್ಡದು ಒಂದು. ಉತ್ತರದ ದೊಡ್ಡ ಘರಾಣೆಗಳಲ್ಲಿ ಆ ವಾದ್ಯ ಇವತ್ತು ಕಾಣುವುದಿಲ್ಲ. ಕಲ್ಯಾಣದ ಶರಣ ಕಿನ್ನರಿ ಬೊಮ್ಮಯ್ಯನ ಕೈಯಲ್ಲಿದ್ದ ಆ ವಾದ್ಯ ನಮ್ಮ ಹಳ್ಳಿಗಳಲ್ಲಿ ಅರ್ಜುನ ಜೋಗಿಯ ಕಥೆ ಹಾಡುತ್ತಾ ಬರುವ ಕಿನ್ನರಿ ಜೋಗಿಯ ಹೆಗಲ ಮೇಲೆ ಉಳಿದಿದೆ. ಮನೆಯ ಮುಂದೆ ಬಂದು ನಿಂತಾಗ ಒಂದು ಹಿಡಿ ಜೋಳ ಹಾಕಿ ಕಳಿಸುತ್ತಿದ್ದ ಆ ಮನುಷ್ಯ, ಎಂಟುನೂರು ವರ್ಷದ ಹಿಂದಿನ ರಾಜಧಾನಿಯ ಗ್ರಂಥಕ್ಕೆ ಜೀವಂತ ಸಾಕ್ಷಿ. ಅವನು ದೇವಗಿರಿಯ ಕೋಟೆಯೊಳಗೆ ಕುಳಿತು ತಂತಿ ಮೀಟುವುದನ್ನು ನಾನು ಸಾಯುವುದರೊಳಗೆ ನೋಡಬೇಕು.

ನಾನೂ ಭಾವುವೂ ಸುಮ್ಮನೆ ಕುಳಿತಿಲ್ಲ. ಪುಸ್ತಕದ ಅಳತೆಯಂತೆ ಸಣ್ಣ ಕಿನ್ನರಿಯೊಂದನ್ನು ಅವರ ಮನೆಯ ಹಿತ್ತಿಲಿನಲ್ಲಿ ಮಾಡುತ್ತಿದ್ದೇವೆ. ಅಂಗುಲ ಎಂದರೆ ಯಾರ ಬೆರಳಿನದು ಎಂದು ಎರಡು ವಾರ ವಾದ ಮಾಡಿ, ಕೊನೆಗೆ ಭಾವುವಿನ ಬೆರಳನ್ನೇ ವರ್ನಿಯರಿನಲ್ಲಿ ಹಿಡಿದು ನಿಕ್ಕಿ ಮಾಡಿದೆವು. ಸೋರೆಬುರುಡೆ ತ್ರ್ಯಂಬಕ ರಸ್ತೆಯ ಹಳ್ಳಿಯಿಂದ ತಂದೆವು. ಮೆಟ್ಟುಗಳು 14. ಅವನ್ನು ರಣಹದ್ದಿನ ಎದೆಮೂಳೆಯಿಂದ, ಕಿರುಬೆರಳಿನ ದಪ್ಪಕ್ಕೆ ಮಾಡಬೇಕು ಎಂದು ಗ್ರಂಥ ಹೇಳುತ್ತದೆ. ಆ ಪಕ್ಷಿ ಈಗ ಅಂಜನೇರಿಯ ಬಂಡೆಗಳಲ್ಲಿ ಕಷ್ಟದಿಂದ ಉಳಿದಿದೆ, ಅದಕ್ಕೆ ನಮ್ಮ ನಮಸ್ಕಾರ. ನಾವು ಹಿತ್ತಾಳೆ ಕೊಳವೆ ಕತ್ತರಿಸಿದೆವು. ಕೂರಿಸುವುದು ಮಾತ್ರ ಅವನು ಹೇಳಿದಂತೆಯೇ, ಬಟ್ಟೆ ಸುಟ್ಟ ಮಸಿಯನ್ನು ಮೇಣಕ್ಕೆ ಕಲಸಿ. ಮೊದಲ ಸಲ ಮೇಣ ಹೆಚ್ಚಾಯಿತು, ಏಪ್ರಿಲ್ ಬಿಸಿಲಿಗೆ ಮೆಟ್ಟುಗಳು ಜಾರಿದವು. ಈಗ ಮಸಿ ಹೆಚ್ಚು ಹಾಕಿದ್ದೇವೆ. ಹನ್ನೊಂದು ಗಟ್ಟಿಯಾಗಿ ಕೂತಿವೆ, ಮೂರು ಉಳಿದಿವೆ.